ಸಿಗರೇಟಿಗೆ ಎಳೆದ ಗೆರೆ ಚಿಪ್ಸಿಗೂ ಬೇಡವೇ?

ಏಳನೇ ಕ್ಲಾಸಿನ ಮಗನ ಯೂನಿಫಾರ್ಮ್ ಒಗೆಯಲು ಹಾಕುವ ಮುನ್ನ ಜೇಬು ತಡಕುತ್ತೀರಿ. ಗುಟ್ಕಾ ಪ್ಯಾಕೆಟ್ಟೋ, ಅರ್ಧ ಸೇದಿದ ಸಿಗರೇಟೋ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗೇನಾಗುತ್ತದೆ? ಮನೆಯೇ ಅಡಿಮೇಲಾಗುತ್ತದೆ. ಯಜಮಾನರ ಆಫೀಸಿಗೇ ಫೋನ್ ಹೋಗುತ್ತದೆ. ಮಾರನೇ ದಿನ ಬೆಳಿಗ್ಗೆ ನೀವಿಬ್ಬರೂ ಹೆಡ್‌ಮಿಸ್ಟ್ರೆಸ್ ಕೋಣೆಯ ಮುಂದೆ ಹಾಜರ್!

ಅದೇ ಜೇಬಿನಲ್ಲಿ ಖಾಲಿ ಚಿಪ್ಸ್ ಪ್ಯಾಕೆಟ್ ಸಿಕ್ಕರೆ? "ಮತ್ತೆ ಅಂಗಡಿ ತಿಂಡಿ ತಿಂದ್ಯಾ?" ಎಂದು ಒಮ್ಮೆ ಗದರಿ, ಅದನ್ನು ಕಸದ ಬುಟ್ಟಿಗೆ ಹಾಕಿ ವಾಷಿಂಗ್ ಮೆಷಿನ್ ಆನ್ ಮಾಡುತ್ತೀರಿ. ಅಷ್ಟೇ ಕಥೆ.

ಇದರಲ್ಲಿ ತಪ್ಪೇನಿಲ್ಲ ಬಿಡಿ. ತಂಬಾಕೂ ಚಿಪ್ಸೂ ಒಂದೇ ಅಲ್ಲ. ತಂಬಾಕು ಒಂದು ಚಿಟಿಕೆಯೂ ಒಳ್ಳೆಯದಲ್ಲ. ಚಿಪ್ಸನ್ನು ಅಪರೂಪಕ್ಕೊಮ್ಮೆ ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಆ ಖಾಲಿ ಪ್ಯಾಕೆಟ್ ವಾರಕ್ಕೆ ನಾಲ್ಕು ದಿನ ಸಿಗತೊಡಗಿದರೆ? ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ದಸರಾ ಹೊತ್ತಿಗೆ ಉದ್ದ ಸರಿಯಾಗಿಯೇ ಇದ್ದು, ಹುಕ್ ಮಾತ್ರ ಕೂರದೇ ಹೋದರೆ? ಆಗ ನೀವು ಯಾರ ಬಳಿ ಹೋಗುತ್ತೀರಿ? ಹೆಡ್‌ಮಿಸ್ಟ್ರೆಸ್ ಬಳಿಯಂತೂ ಹೋಗುವುದಿಲ್ಲ. ಟೈಲರ್ ಬಳಿ ಹೋಗುತ್ತೀರಿ!

ವಿಶ್ವ ತಂಬಾಕು ರಹಿತ ದಿನ ಬಂತೆಂದರೆ ಶಾಲೆಗಳಲ್ಲಿ ಜಾಥಾ, ಭಾಷಣ, ಚಿತ್ರಕಲಾ ಸ್ಪರ್ಧೆ ಎಲ್ಲ ಇರುತ್ತದೆ. ಇರಲೇಬೇಕು. ಹಾಗಾದರೆ ಮಕ್ಕಳ ಬೊಜ್ಜಿನ ಬಗ್ಗೆಯೂ ಶಾಲೆಗಳು ಅಷ್ಟೇ ಆಸ್ಥೆ ವಹಿಸಬೇಕೇ? "ಊಟ ತಿಂಡಿ ಮನೆಯ ವಿಚಾರ, ಶಾಲೆಗೇನು ಕೆಲಸ?" ಎನ್ನುವವರಿದ್ದಾರೆ. "ಎಲ್ಲಾ ನಮ್ಮ ತಲೆಗೇ ಕಟ್ಟಬೇಡಿ, ಸಿಲಬಸ್ ಮುಗಿಸೋದೇ ಕಷ್ಟ" ಎನ್ನುವ ಟೀಚರ್‌ಗಳಿದ್ದಾರೆ. ನಡುವೆ ಸಿಕ್ಕಿಕೊಂಡವರು ಯಾರು? ನೀವೇ. ಮಗು ದಪ್ಪಗಾದರೆ ಮೊದಲು ಮಾತು ಕೇಳುವವಳು ಅಮ್ಮನೇ ತಾನೇ? ಬನ್ನಿ, ಸ್ವಲ್ಪ ವಿವರವಾಗಿ ನೋಡೋಣ.

ಒಂದು ಇಳಿಯಿತು, ಇನ್ನೊಂದು ಏರಿತು

ಮೊದಲು ಒಳ್ಳೆಯ ಸುದ್ದಿ. 13ರಿಂದ 15 ವರ್ಷದ ಶಾಲಾ ಮಕ್ಕಳ ತಂಬಾಕು ಬಳಕೆಯ ಬಗ್ಗೆ ದೇಶದಾದ್ಯಂತ ಆಗಾಗ ಸಮೀಕ್ಷೆ ನಡೆಯುತ್ತದೆ. 2009ರಲ್ಲಿ ನೂರಕ್ಕೆ 14.6 ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2019ರ ಸಮೀಕ್ಷೆಯಲ್ಲಿ ಅದು 8.5ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಇದು ಸಣ್ಣ ಇಳಿಕೆಯಲ್ಲ. ಕಾನೂನು, ಪ್ಯಾಕೆಟ್ ಮೇಲಿನ ಭಯಂಕರ ಚಿತ್ರ, ಶಾಲೆಯ ಪಾಠ, ಮನೆಯ ಎಚ್ಚರಿಕೆ, ಎಲ್ಲವೂ ಸೇರಿದ್ದರ ಫಲ ಇದು.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅದೇ 2019ರ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ. ಸಿಗರೇಟಿನ ರುಚಿ ನೋಡಿದ್ದ ಮಕ್ಕಳಲ್ಲಿ ಶೇ 38ರಷ್ಟು ಮಂದಿ ಹತ್ತನೇ ಹುಟ್ಟುಹಬ್ಬಕ್ಕೂ ಮೊದಲೇ ಅದನ್ನು ಶುರು ಮಾಡಿದ್ದರು. ಬೀಡಿಯಲ್ಲಿ ಇದು ಶೇ 47. ಅಗಿಯುವ ತಂಬಾಕಿನಲ್ಲಿ ಶೇ 52! ಅಂದರೆ ನಾಲ್ಕನೇ ಕ್ಲಾಸು, ಐದನೇ ಕ್ಲಾಸು. "ಹೈಸ್ಕೂಲಿಗೆ ಬರಲಿ, ಆಮೇಲೆ ಹೇಳೋಣ" ಅಂದುಕೊಂಡರೆ ತಡವಾಗಿಬಿಡುತ್ತದೆ.

ಈಗ ಇನ್ನೊಂದು ತಕ್ಕಡಿ ನೋಡಿ. ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗೆ ಬೊಜ್ಜಿನ ತೊಂದರೆ ಇದ್ದವರು ಸುಮಾರು 4 ಲಕ್ಷ. 2022ರ ಹೊತ್ತಿಗೆ? ಸುಮಾರು 1 ಕೋಟಿ 25 ಲಕ್ಷ! ಜಗತ್ತಿನಲ್ಲೂ ಇದೇ ಗಾಳಿ. ಶಾಲಾ ವಯಸ್ಸಿನ ಮಕ್ಕಳಲ್ಲಿ ತೂಕ ಕಡಿಮೆ ಇರುವವರಿಗಿಂತ ಬೊಜ್ಜು ಇರುವವರೇ ಹೆಚ್ಚಾಗಿದ್ದಾರೆ, ಇದು ಇದೇ ಮೊದಲು ಎಂದು ಯುನಿಸೆಫ್ 2025ರಲ್ಲಿ ಎಚ್ಚರಿಸಿತು.

ಒಂದು ಕಡೆ ಶಾಲೆ ಮತ್ತು ಕಾನೂನು ಕೈಜೋಡಿಸಿದ್ದಕ್ಕೆ ಅಂಕಿ ಇಳಿಯಿತು. ಇನ್ನೊಂದು ಕಡೆ "ಮನೆಯವರು ನೋಡಿಕೊಳ್ಳಲಿ" ಎಂದು ಬಿಟ್ಟಿದ್ದಕ್ಕೆ ಏರುತ್ತಲೇ ಹೋಯಿತು. ಲೆಕ್ಕ ಅರ್ಥವಾಯಿತಲ್ಲ?

ದೊಡ್ಡವರ ಮನೆ ಕಾಯಿಲೆಯಾ?

"ನಮ್ಮ ದೇಶದಲ್ಲಿ ಹೊಟ್ಟೆಗಿಲ್ಲದ ಮಕ್ಕಳೇ ಇಷ್ಟಿರುವಾಗ ಬೊಜ್ಜಿನ ಮಾತೇ?" ಎಂದು ನಿಮಗನ್ನಿಸಬಹುದು. ನ್ಯಾಯವಾದ ಪ್ರಶ್ನೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿ ತೀರಾ ತೆಳ್ಳಗಿದ್ದರು. ತೂಕ ಹೆಚ್ಚಿದ್ದವರು 5 ಮಂದಿ. ಆದರೆ ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಹತ್ತು ಮಕ್ಕಳ ರಕ್ತದಲ್ಲಿ ಸಕ್ಕರೆ, ಡಯಾಬಿಟಿಸ್‌ನ ಹೊಸ್ತಿಲಿಗೆ ಬಂದು ನಿಂತಿತ್ತು!

ಗಮನಿಸಿ. ದಪ್ಪಗಿರುವವರು ಐದು, ಸಕ್ಕರೆ ಏರಿದವರು ಹತ್ತು. ಅಂದರೆ ನೋಡಲು ತೆಳ್ಳಗಿರುವ ಮಗುವಿನ ಒಳಗೂ ತೊಂದರೆ ಇರಬಹುದು. "ನಮ್ಮ ಪುಟ್ಟಿ ಕಡ್ಡಿ ಹಾಗಿದ್ದಾಳೆ, ಏನು ತಿಂದರೂ ನಡೆಯುತ್ತೆ" ಎನ್ನುವ ಹಾಗಿಲ್ಲ. ಶಾಲೆಯಲ್ಲಿ ಒಳ್ಳೆಯ ಆಹಾರ, ದಿನಾ ಆಟ ಸಿಕ್ಕರೆ ತೆಳ್ಳಗಿನ ಮಗುವಿಗೂ ಲಾಭ, ದಪ್ಪಗಿನ ಮಗುವಿಗೂ ಲಾಭ. ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣಿನ ಮೂಲಕ ಊಟವೂ ಶಾಲೆಯ ಜವಾಬ್ದಾರಿ ಎಂದು ನಾವು ಯಾವತ್ತೋ ಒಪ್ಪಿಕೊಂಡಿದ್ದೇವೆ. ಸಾವಿರಾರು ರೂಪಾಯಿ ಫೀಸು ತೆಗೆದುಕೊಳ್ಳುವ ಶಾಲೆ ಮಾತ್ರ ಊಟದ ವಿಷಯ ಬಂದಾಗ ಕೈತೊಳೆದುಕೊಳ್ಳಬಹುದೇ?

ಕತ್ತು ಉಜ್ಜಿ ಉಜ್ಜಿ ಸುಸ್ತಾದಿರಾ?

ಮಗು ಗುಂಡು ಗುಂಡಗೆ ಇದ್ದರೇ ಚೆಂದ ಅನ್ನುವುದು ನಮ್ಮ ಹಳೇ ರೂಢಿ. ಸ್ವಲ್ಪ ಇಳಿದರೆ ಸಾಕು, "ಮಗೂನ ಎಷ್ಟು ಸೊರಗಿಸಿದ್ದೀಯಾ?" ಎಂದು ಅತ್ತೆಯವರ ಆಕ್ಷೇಪ. ದೊಡ್ಡವನಾದರೆ ತಾನೇ ಇಳಿಯುತ್ತಾನೆ ಎಂಬ ನಂಬಿಕೆ ಬೇರೆ. ಆದರೆ ಹೈಸ್ಕೂಲಿನವರೆಗೂ ಉಳಿದ ಬೊಜ್ಜು ಬಹುಪಾಲು ಮಕ್ಕಳಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಹಾಗಾದರೆ ಯಾವುದಕ್ಕೆ ಗಮನ ಕೊಡಬೇಕು? ಕೆಲವು ಸೂಚನೆಗಳು ಇಲ್ಲಿವೆ.

• ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ದಪ್ಪಗೆ, ವೆಲ್ವೆಟ್ ಬಟ್ಟೆಯ ಹಾಗಾಗಿದೆಯೇ? ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಚ್ಚಿ ಉಜ್ಜಬೇಡಿ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಡಾಕ್ಟರಿಗೆ ತೋರಿಸಿ.

• ದಿನಾ ರಾತ್ರಿ ಜೋರಾಗಿ ಗೊರಕೆ ಹೊಡೆದು, ಹಗಲು ಕ್ಲಾಸಿನಲ್ಲಿ ತೂಕಡಿಸುತ್ತಾನೆಯೇ? ತೂಕ ಹೆಚ್ಚಿದ ಮಕ್ಕಳಲ್ಲಿ ಉಸಿರಾಟಕ್ಕೆ ಅಡ್ಡಿಯಾಗಿ ನಿದ್ದೆ ಕೆಡುವುದುಂಟು.

• ಮಗಳ ಮುಟ್ಟು ಶುರುವಾಗಿ ಒಂದೆರಡು ವರ್ಷವಾದರೂ ತಿಂಗಳುಗಟ್ಟಲೆ ಬಾರದೇ ಹೋಗುವುದು, ಗಲ್ಲದ ಮೇಲೆ ಕೂದಲು ಬೆಳೆಯುವುದು ಇದೆಯೇ? ಪಿಸಿಓಎಸ್ ಇರಬಹುದು. ನಾಚಿಕೆಪಟ್ಟು ಮುಚ್ಚಿಡುವ ವಿಷಯವಲ್ಲ.

• ಆರು ವರ್ಷ ದಾಟಿದ ಮಗುವಿಗೆ ಟೈಲರ್ ಟೇಪಿನಲ್ಲೇ ಒಂದು ಸುಲಭ ಪರೀಕ್ಷೆ. ಹೊಟ್ಟೆಯ ಸುತ್ತಳತೆ ಮಗುವಿನ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 140 ಸೆಂ.ಮೀ. ಎತ್ತರದ ಹುಡುಗನಿಗೆ 70 ಸೆಂ.ಮೀ. ದಾಟಿದರೆ ಮಕ್ಕಳ ಡಾಕ್ಟರನ್ನು ಕಾಣುವುದು ಒಳ್ಳೆಯದು.

ಬೊಜ್ಜಿನ ಮಕ್ಕಳಲ್ಲಿ ಬಿಪಿ, ಲಿವರಿನಲ್ಲಿ ಕೊಬ್ಬು, ಮಂಡಿನೋವು ಕಾಣಿಸಿಕೊಳ್ಳುತ್ತಿವೆ. ದೊಡ್ಡವರಿಗಷ್ಟೇ ಬರುತ್ತದೆ ಎಂದುಕೊಂಡಿದ್ದ ಟೈಪ್ 2 ಡಯಾಬಿಟಿಸ್ ಈಗ ಹದಿಹರೆಯದವರಲ್ಲೂ ಬರುತ್ತಿದೆ. ತಂಬಾಕಿನ ಹಾಗೆ ಇದೂ ನಿಧಾನವಾಗಿಯೇ ಹಿಡಿಯುತ್ತದೆ, ನಿಧಾನವಾಗಿಯೇ ಬಿಡುತ್ತದೆ.

ಗೇಟಿನಿಂದ ಎರಡು ಗೆರೆ

ಈಗ ಒಂದು ಕುತೂಹಲದ ವಿಷಯ. ಶಾಲೆಯ ಹತ್ತಿರ ಏನು ಮಾರಬಾರದು ಎಂದು ಹೇಳುವ ಕಾನೂನು ಒಂದಲ್ಲ, ಎರಡಿವೆ ಗೊತ್ತಾ?

ಮೊದಲನೆಯದು ತಂಬಾಕಿನದು. 2003ರ ಕೇಂದ್ರ ಕಾಯ್ದೆ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, 18 ತುಂಬದವರಿಗೆ ಎಲ್ಲಿಯೂ ಮಾರುವಂತಿಲ್ಲ ಎಂದಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಇನ್ನೂ ಬಿಗಿ. ನಮ್ಮ ರಾಜ್ಯದಲ್ಲಿ ಈಗ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಶಾಲೆ ಕಾಲೇಜಿನಿಂದ 100 ಮೀಟರ್ ದೂರದೊಳಗೆ ಮಾರುವಂತಿಲ್ಲ. ಬಣ್ಣ ಬಣ್ಣದ ಪೆನ್ನಿನ ಹಾಗೆ ಕಾಣುವ ಇ-ಸಿಗರೇಟನ್ನಂತೂ 2019ರಿಂದ ಇಡೀ ದೇಶದಲ್ಲೇ ನಿಷೇಧಿಸಲಾಗಿದೆ.

ಎರಡನೆಯದು ತಿನಿಸಿನದು. ಇದು ಬಹಳಷ್ಟು ಅಮ್ಮಂದಿರಿಗೆ ಗೊತ್ತೇ ಇಲ್ಲ! ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಶಾಲಾ ಮಕ್ಕಳ ಆಹಾರಕ್ಕೆಂದೇ ನಿಯಮ ಮಾಡಿದೆ. ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆ ಇರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಿ ಮತ್ತು ಶಾಲೆಯಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ಅಲ್ಲಿ ಅವುಗಳ ಜಾಹೀರಾತು ಹಾಕುವಂತಿಲ್ಲ, ಸ್ಯಾಂಪಲ್ ಎಂದು ಬಿಟ್ಟಿ ಹಂಚುವಂತಿಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಶಾಲೆ ಬಿಡುವ ಹೊತ್ತಿಗೆ ಒಮ್ಮೆ ಗೇಟಿನ ಬಳಿ ನಿಂತು ನೋಡಿ. ಪೆಟ್ಟಿಗೆ ಅಂಗಡಿಯಲ್ಲಿ ಪಾನ್ ಮಸಾಲೆಯ ಸರವೂ ತೂಗುತ್ತಿರುತ್ತದೆ, ಚಿಪ್ಸ್ ಕುರುಕಲಿನ ಸರವೂ ತೂಗುತ್ತಿರುತ್ತದೆ. ಎರಡೂ ಒಂದೇ ದಾರಕ್ಕೆ ಕಟ್ಟಿದವು! ಪಕ್ಕದಲ್ಲೇ ಗೋಬಿ ಮಂಚೂರಿ ಗಾಡಿ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬಣ್ಣ ಹೋದರೂ ಎಣ್ಣೆ ಉಳಿಯಿತಲ್ಲ?

ಹಾಗಾಗಿ "ಮೊದಲು ತಂಬಾಕೋ, ಮೊದಲು ಬೊಜ್ಜೋ" ಎಂಬ ಜಗಳವೇ ಬೇಡ. ಗೇಟು ಒಂದೇ, ಅಂಗಡಿ ಒಂದೇ, ಮಗುವಿನ ಕೈಯಲ್ಲಿರುವ ಹತ್ತು ರೂಪಾಯಿಯೂ ಒಂದೇ. ಸಿಗರೇಟಿಗಾಗಿ ಗೇಟಿನಾಚೆ ಕಣ್ಣಿಡುವ ಶಾಲೆ ಚಿಪ್ಸಿನತ್ತಲೂ ಕಣ್ಣು ಹಾಯಿಸಿದರೆ ಅದಕ್ಕೇನು ಹೆಚ್ಚು ಖರ್ಚು ಬರುತ್ತದೆ ಹೇಳಿ?

ಗೇಟಿನ ಒಳಗೆ ಏನು ನಡೀತಿದೆ?

ಹೊರಗಿನ ಅಂಗಡಿಯನ್ನಷ್ಟೇ ಬೈದರೆ ಆಗಲಿಲ್ಲ. ಎಲ್ಲ ಸರಿ ಉತ್ತರಕ್ಕೂ ಟೀಚರ್ ಕೊಡುವುದು ಚಾಕಲೇಟು. ಯಾರ ಹುಟ್ಟುಹಬ್ಬವಾದರೂ ಚಾಕಲೇಟು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ವರ್ಷಕ್ಕೆ ನಲವತ್ತು ಹುಟ್ಟುಹಬ್ಬ! ಕ್ಯಾಂಟೀನಿನಲ್ಲಿ ಪಫ್ಸು, ಸಮೋಸ, ಕೋಲಾ. ಇನ್ನು ಪಿ.ಟಿ. ಪಿರಿಯಡ್ಡಿನ ಕಥೆ ಕೇಳಲೇಬೇಡಿ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಗಣಿತದ ಮೇಷ್ಟ್ರು ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ಪಟ್ಟಣದ ಎಷ್ಟೋ ಶಾಲೆಗಳಿಗೆ ಮೈದಾನವೇ ಇಲ್ಲ. ಹೋಗುವುದು ವ್ಯಾನಿನಲ್ಲಿ, ಬರುವುದು ವ್ಯಾನಿನಲ್ಲಿ, ಸಂಜೆ ಟ್ಯೂಷನ್, ರಾತ್ರಿ ಮೊಬೈಲು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಮಗುವಿನ ದಿನದಲ್ಲಿ ಆ ಒಂದು ಗಂಟೆ ಎಲ್ಲಿದೆ, ಹುಡುಕಿ ನೋಡಿ!

ಒಂದು ಒಳ್ಳೆಯ ಬೆಳವಣಿಗೆಯೂ ಆಗಿದೆ. 2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಸೂಚಿಸಿತು. ಯಾವ ತಿನಿಸಿನಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಯುವ ಫಲಕ ಇದು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 5 ದಾಟಬಾರದು. ಆದರೆ 4ರಿಂದ 10 ವರ್ಷದ ಮಕ್ಕಳಲ್ಲಿ ಶೇ 13, 11ರಿಂದ 18ರ ಮಕ್ಕಳಲ್ಲಿ ಶೇ 15ರಷ್ಟಿದೆ ಎಂದು ಆ ಸುತ್ತೋಲೆಯೇ ಹೇಳಿತ್ತು.

ಅಡುಗೆಮನೆ ಲೆಕ್ಕದಲ್ಲಿ ಹೇಳಬೇಕೆಂದರೆ, ಕೋಲಾದಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ 10-11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಬಾಟಲಿಗೆ ಹೆಚ್ಚು ಕಡಿಮೆ ಎಂಟು ಟೀ ಚಮಚ! ನೀವು ಕಾಫಿಗೆ ಎಂಟು ಚಮಚ ಸಕ್ಕರೆ ಹಾಕಿ ಮಗುವಿಗೆ ಕೊಡುತ್ತೀರಾ?

ತೂಕದ ಯಂತ್ರ ಶಿಕ್ಷೆಯಾಗದಿರಲಿ

ಹಾಗಾದರೆ ತಂಬಾಕಿನ ಹಾಗೆಯೇ ಬೊಜ್ಜಿನ ವಿರುದ್ಧವೂ ಶಾಲೆಯಲ್ಲಿ ಘೋಷಣೆ ಕೂಗಿಸಬೇಕಾ? ಇಲ್ಲೇ ಎಚ್ಚರಿಕೆ ಬೇಕು. ಸಿಗರೇಟು ಮಗುವಿನ ಕೈಯಲ್ಲಿರುವ ವಸ್ತು. ಬಿಸಾಡು ಎನ್ನಬಹುದು. ತೂಕ ಮಗುವಿನ ಮೈಯೇ. ಅದನ್ನು ಬೈದರೆ ಮಗುವನ್ನೇ ಬೈದ ಹಾಗೆ.

ಸಿಂಗಪುರದ ಉದಾಹರಣೆ ಕೇಳಿ. ಅಲ್ಲಿನ ಶಾಲೆಗಳಲ್ಲಿ 1992ರಲ್ಲಿ 'ಟ್ರಿಮ್ ಅಂಡ್ ಫಿಟ್' ಎಂಬ ಕಾರ್ಯಕ್ರಮ ಶುರುವಾಯಿತು. ದಪ್ಪಗಿರುವ ಮಕ್ಕಳನ್ನು ಬೇರೆ ಮಾಡಿ, ಅವರಿಗೆಂದೇ ಹೆಚ್ಚಿನ ವ್ಯಾಯಾಮ ಮಾಡಿಸುತ್ತಿದ್ದರು. ಬೊಜ್ಜಿನ ಪ್ರಮಾಣ ಇಳಿದದ್ದೇನೋ ನಿಜ. ಆದರೆ ಆ ಮಕ್ಕಳು ಉಳಿದವರ ಗೇಲಿಗೆ ಗುರಿಯಾದರು. ಕಾರ್ಯಕ್ರಮದ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ತಿರುಗಿಸಿ ಓದಿದರೆ 'ಫ್ಯಾಟ್' ಅಂತಾಗುತ್ತಿತ್ತು! ಕೊನೆಗೆ 2007ರಲ್ಲಿ ಅದನ್ನು ಕೈಬಿಟ್ಟು, ಎಲ್ಲಾ ಮಕ್ಕಳಿಗೂ ಅನ್ವಯಿಸುವ ಆರೋಗ್ಯ ಕಾರ್ಯಕ್ರಮ ತಂದರು.

ನಮ್ಮಲ್ಲೂ "ಡುಮ್ಮ", "ಗುಂಡ", "ದಢೂತಿ" ಎನ್ನುವುದು ತಮಾಷೆ ಎಂದೇ ನಡೆಯುತ್ತದೆ. ಕೇಳಿಸಿಕೊಳ್ಳುವ ಮಗುವಿಗೆ ಅದು ತಮಾಷೆಯಲ್ಲ. ಗೇಲಿಗೆ ಹೆದರಿದ ಮಗು ಮೊದಲು ಬಿಡುವುದೇ ಆಟವನ್ನು. ಆಮೇಲೆ ಕದ್ದು ತಿನ್ನಲು ಶುರುಮಾಡುತ್ತದೆ.

ಇನ್ನೊಂದು ಅಪಾಯವೂ ಇದೆ. ನಿಕೋಟಿನ್ ಹಸಿವನ್ನು ಕುಗ್ಗಿಸುತ್ತದೆ. "ಸಿಗರೇಟು ಸೇದಿದರೆ ಸಣ್ಣ ಆಗ್ತಾರೆ" ಎಂಬ ಮಾತು ಹದಿಹರೆಯದವರ ಕಿವಿಗೆ ಬೀಳದೇ ಇರುವುದಿಲ್ಲ. ತೂಕದ ಚಿಂತೆಗೆ ಬಿದ್ದ ಹುಡುಗಿಯರು ಸಿಗರೇಟಿಗೆ ಕೈಹಾಕುವುದನ್ನು ಹೊರದೇಶಗಳ ಅಧ್ಯಯನಗಳು ಕಂಡಿವೆ. ಅಂದರೆ ಬೊಜ್ಜಿನ ಪಾಠವನ್ನು ಅವಮಾನದ ಪಾಠ ಮಾಡಿದರೆ, ತಂಬಾಕಿನ ಪಾಠವೂ ನೀರುಪಾಲು! ಎರಡನ್ನೂ ಒಟ್ಟಿಗೇ ನೋಡಬೇಕು ಎನ್ನುವುದು ಇದಕ್ಕೇ. ತಂಬಾಕಿಗೆ "ಬೇಡ" ಎಂಬ ಒಂದೇ ಮಾತು ಸಾಕು. ಊಟದ ವಿಷಯದಲ್ಲಿ "ಇದರ ಬದಲು ಇದು" ಎಂದು ತೋರಿಸಬೇಕು. ಅದಕ್ಕೆ ಭಾಷಣ ಸಾಲದು. ಕ್ಯಾಂಟೀನು ಬದಲಾಗಬೇಕು, ಆಟದ ಪಿರಿಯಡ್ಡು ಉಳಿಯಬೇಕು.

ಪೋಷಕರ ಸಭೆಯಲ್ಲಿ ಇದನ್ನು ಕೇಳಿ

ಪೇರೆಂಟ್ಸ್ ಮೀಟಿಂಗಿನಲ್ಲಿ ನಾವು ಕೇಳುವುದು ಒಂದೇ, "ಮ್ಯಾಥ್ಸ್‌ನಲ್ಲಿ ಯಾಕೆ ಕಡಿಮೆ ಬಂತು?" ಮುಂದಿನ ಸಲ ಇದನ್ನೂ ಕೇಳಿ. ಒಬ್ಬರೇ ಕೇಳಿದರೆ "ಇವರದ್ದು ಯಾವಾಗಲೂ ಇದೇ" ಅಂದಾರು. ನಾಲ್ಕು ಜನ ಅಮ್ಮಂದಿರು ಸೇರಿ ಕೇಳಿ.

• ವಾರಕ್ಕೆ ಎಷ್ಟು ಆಟದ ಪಿರಿಯಡ್ಡು? ಹತ್ತನೇ ಕ್ಲಾಸಿಗೂ ಇದೆಯಾ? ಬೇರೆ ಪಾಠಕ್ಕೆ ಬಿಟ್ಟುಕೊಡುತ್ತೀರಾ?

• ಕ್ಯಾಂಟೀನಿನಲ್ಲಿ ಕೋಲಾ, ಕರಿದ ತಿಂಡಿ ಇದೆಯೇ? 2020ರ ನಿಯಮ ಗೊತ್ತಿದೆಯೇ? ಅದರ ಬದಲು ಇಡ್ಲಿ, ಬೇಯಿಸಿದ ಕಡಲೆ, ಹಣ್ಣು, ಮಜ್ಜಿಗೆ ಇಡಬಹುದಲ್ಲ?

• ಹುಟ್ಟುಹಬ್ಬಕ್ಕೆ ಚಾಕಲೇಟಿನ ಬದಲು ಪೆನ್ಸಿಲ್, ಕ್ಲಾಸಿನ ಲೈಬ್ರರಿಗೆ ಒಂದು ಪುಸ್ತಕ ಎಂದು ಶಾಲೆಯೇ ನಿಯಮ ಮಾಡಲಿ. ಶಾಲೆ ಹೇಳಿದರೆ ಯಾರಿಗೂ ಮುಜುಗರವಿಲ್ಲ.

• ಎತ್ತರ, ತೂಕ ಅಳೆಯುವುದಾದರೆ ಒಬ್ಬೊಬ್ಬರನ್ನೇ ಕರೆದು ಅಳೆಯಲಿ. ಅಂಕಿಯನ್ನು ಕ್ಲಾಸಿನಲ್ಲಿ ಓದಬಾರದು. ಮುಚ್ಚಿದ ಕವರಿನಲ್ಲಿ ಮನೆಗೆ ಕಳಿಸಲಿ.

• ಗೇಟಿನ ಬಳಿ ತಂಬಾಕು ಮಾರುವ ಅಂಗಡಿ ಇದ್ದರೆ ಶಾಲೆ ಯಾರಿಗೆ ದೂರು ಕೊಟ್ಟಿದೆ? ನೀವೂ ಸಹಿ ಹಾಕಲು ಸಿದ್ಧ ಎನ್ನಿ.

• ತಂಬಾಕಿನ ಪಾಠ ಐದನೇ ಕ್ಲಾಸಿಗಿಂತ ಮೊದಲೇ ಶುರುವಾಗುತ್ತದೆಯೇ?

ಮನೆಯ ಪಾಲೂ ಇದೆ

ಶಾಲೆಗೆ ಇಷ್ಟೆಲ್ಲ ಹೇಳಿ ಮನೆಯಲ್ಲಿ ನಾವು ಸುಮ್ಮನಿದ್ದರೆ ಹೇಗೆ?

• ಬೆಳೆಯುವ ಮಗುವಿಗೆ ಉಪವಾಸ, ಡಯಟ್ಟು ಬೇಡವೇ ಬೇಡ. ಎಷ್ಟೋ ಮಕ್ಕಳಲ್ಲಿ ಇರುವ ತೂಕ ಏರದಂತೆ ನೋಡಿಕೊಂಡರೆ ಸಾಕು. ಎತ್ತರ ಬೆಳೆದಂತೆ ತಾನೇ ಸರಿಹೋಗುತ್ತದೆ. ತೂಕ ತೀರಾ ಹೆಚ್ಚಿದ್ದರೆ ಡಾಕ್ಟರು ಹೇಳಿದಂತೆ ಮಾಡಿ.

• ಡಬ್ಬಿಗೆ ನೂಡಲ್ಸ್, ಬ್ರೆಡ್ ಜಾಮ್ ಬದಲು ತರಕಾರಿ ಹಾಕಿದ ಉಪ್ಪಿಟ್ಟು, ಕಡಲೆಬೀಜ ಹಾಕಿದ ಅವಲಕ್ಕಿ, ರಾಗಿ ದೋಸೆ, ಚಪಾತಿ ಪಲ್ಯ ಇರಲಿ. ಜೊತೆಗೆ ಪುಟ್ಟ ಡಬ್ಬಿಯಲ್ಲಿ ಹೆಸರುಬೇಳೆ ಕೋಸಂಬರಿ ಅಥವಾ ಸೀಬೆಹಣ್ಣು.

• ಹಾಲಿಗೆ ಹಾಕುವ ಪುಡಿಯ ಡಬ್ಬಿಯನ್ನು ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ. 'ಹೆಲ್ತ್ ಡ್ರಿಂಕ್' ಎಂಬ ಪದಕ್ಕೆ ನಮ್ಮ ಆಹಾರ ಕಾಯ್ದೆಯಲ್ಲಿ ಅರ್ಥವೇ ಇಲ್ಲ. ಹಾಗಾಗಿ ಆ ಹೆಸರಿನ ವಿಭಾಗದಿಂದ ಇಂಥ ಪಾನೀಯಗಳನ್ನು ತೆಗೆಯಿರಿ ಎಂದು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು.

• ಅಜ್ಜಿ ತಾತನೊಂದಿಗೆ ಜಗಳ ಬೇಡ. "ಅತ್ತೆ, ನೀವು ಮಾಡೋ ಹುರಿಟ್ಟಿನ ಉಂಡೇನೇ ಅವನಿಗೆ ಇಷ್ಟ, ಬಿಸ್ಕತ್ತು ಬೇಡ" ಅಂದು ನೋಡಿ. ಉಂಡೆ ಪುಟ್ಟದಾಗಿರಲಿ, ದಿನಕ್ಕೆ ಒಂದೇ ಇರಲಿ.

• ದಪ್ಪಗಿರುವ ಮಗುವಿಗೊಂದು ಅಡುಗೆ, ತೆಳ್ಳಗಿರುವ ಮಗುವಿಗೊಂದು ಅಡುಗೆ ಮಾಡಬೇಡಿ. ಇಡೀ ಮನೆಗೆ ಒಂದೇ ಊಟ. ಹಪ್ಪಳ ಸಂಡಿಗೆ ಯಜಮಾನರಿಗೂ ಕಡಿಮೆ!

• "ಅಂಗಡಿಗೆ ಹೋಗಿ ನನಗೊಂದು ಸಿಗರೇಟು ತಾರೋ" ಎಂದು ಮಗನನ್ನು ಕಳಿಸುವ ಅಪ್ಪಂದಿರಿಗೆ ತಿಳಿಸಿ ಹೇಳಿ. ಹುಡುಗನ ಕೈಗೆ ಅದನ್ನು ಮಾರುವುದೇ ಅಪರಾಧ. ಬಾಲ್ಕನಿಯಲ್ಲಿ ಸೇದಿ ಒಳಗೆ ಬಂದು "ನೀನು ಸೇದಬೇಡ" ಎಂದರೆ ಯಾವ ಮಗು ಕೇಳುತ್ತದೆ? ಬಿಡಲು ಮನಸ್ಸಿದ್ದವರಿಗೆ ರಾಷ್ಟ್ರೀಯ ಸಹಾಯವಾಣಿ 1800-112-356 ಇದೆ. ಕರೆ ಉಚಿತ. ಕನ್ನಡದಲ್ಲೂ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಅದರ ಒಂದು ಕೇಂದ್ರವಿದೆ.

• ಮಗು ತಾನಾಗಿ ಬಂದು "ಅಮ್ಮಾ, ಫ್ರೆಂಡ್ಸ್ ಸೇದ್ತಿದ್ರು, ನಂಗೂ ಕೊಟ್ರು" ಎಂದರೆ ತಕ್ಷಣ ಕೈ ಎತ್ತಬೇಡಿ. ಇವತ್ತು ಹೊಡೆದರೆ ನಾಳೆ ಅವನು ಹೇಳುವುದಿಲ್ಲ. ಚಿಪ್ಸಿನ ವಿಷಯದಲ್ಲೂ ಅಷ್ಟೇ. ನಿಜ ಹೇಳಿದ ಮಗುವಿಗೆ ಬೈಗುಳ ಬಹುಮಾನವಾಗಬಾರದು.

ಅಮ್ಮನ ತಲೆಗೇ ಯಾಕೆ?

ಕೊನೆಯದಾಗಿ ಒಂದು ಮಾತು. ಮಗು ದಪ್ಪಗಾದರೆ "ಅವರಮ್ಮನಿಗೆ ಅಡುಗೆ ಮಾಡೋಕೆ ಸೋಮಾರಿತನ" ಅನ್ನುತ್ತಾರೆ. ಸಣ್ಣಗಾದರೆ "ಅವರಮ್ಮ ನೋಡಿಕೊಳ್ಳೋದೇ ಇಲ್ಲ" ಅನ್ನುತ್ತಾರೆ. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟುವ ನಿಮಗೆ ಈ ಮಾತು ಎಷ್ಟು ಚುಚ್ಚುತ್ತದೆಂದು ಗೊತ್ತು. ಹುಡುಗನೊಬ್ಬ ಸಿಗರೇಟು ಹಿಡಿದರೆ ಸಹವಾಸ, ಸಿನಿಮಾ, ಅಂಗಡಿ, ಕಂಪನಿ, ಸರ್ಕಾರ ಎಲ್ಲವನ್ನೂ ದೂರುತ್ತೇವೆ. ಬೊಜ್ಜು ಬಂದರೆ ಮಾತ್ರ ಅಮ್ಮನೊಬ್ಬಳನ್ನೇ ದೂರುವುದು ಯಾವ ನ್ಯಾಯ? ಮಗುವಿನ ಎಚ್ಚರದ ಹೊತ್ತಿನ ಅರ್ಧದಷ್ಟು ಶಾಲೆಯಲ್ಲೇ ಕಳೆಯುತ್ತದೆ. ಆ ಅರ್ಧದ ಜವಾಬ್ದಾರಿ ಶಾಲೆಯದ್ದೇ.

ಸಿಲಬಸ್ಸಿಗೆ ಹೊಸ ಪುಸ್ತಕ ಸೇರಿಸಿ ಅಂತ ಯಾರೂ ಕೇಳುತ್ತಿಲ್ಲ. ಇರುವ ಆಟದ ಪಿರಿಯಡ್ಡನ್ನು ಕಿತ್ತುಕೊಳ್ಳಬೇಡಿ, ಇರುವ ಕ್ಯಾಂಟೀನಿನಲ್ಲಿ ವಿಷಯ ತಿಳಿದು ಮಾರಿ, ಇರುವ ಕಾನೂನನ್ನು ಗೇಟಿನವರೆಗೆ ತನ್ನಿ ಅಂತ ಕೇಳುತ್ತಿದ್ದೇವೆ. ತಂಬಾಕಿನ ವಿಷಯದಲ್ಲಿ ಇದನ್ನು ಮಾಡಿ ತೋರಿಸಿದ ಶಾಲೆಗಳಿಗೆ ಇದು ಅಸಾಧ್ಯವೇನಲ್ಲ. ಮುಂದಿನ ಪೋಷಕರ ಸಭೆ ಯಾವತ್ತು, ಡೈರಿಯಲ್ಲಿ ನೋಡಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಯೇ ಬಿಡಿ: "ಮೇಡಂ, ನನ್ನ ಮಗ ಈ ವಾರ ಎಷ್ಟು ಹೊತ್ತು ಆಟ ಆಡಿದ?"